ಅರ್ಧಕ್ಕೆ ನಿಲ್ಲಿಸಿದ ತರ್ಜುಮೆ

ಮಟಕಿಯ ಚಂದಮ್ಮ ಕುರುಡಿಯಾದದ್ದರಲ್ಲಿ ನನ್ನ ಕೈಯಿದೆ. ಕೈ ಎನ್ನುವುದಕ್ಕಿಂತ ಬಾಯಿ ಎನ್ನಬೇಕು — ಅವಳು ಹೇಳಿದ ಮಾತನ್ನು ನಾನು ಡಾಕ್ಟರ ಮುಂದೆ ಅರ್ಧ ಮಾತ್ರ ಹೇಳಿದೆ, ಉಳಿದರ್ಧ ನುಂಗಿದೆ. ಬೇಕೆಂದೇ ನುಂಗಿದೆ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಸುತ್ತಿ ಬಳಸಿ ಬರೆಯಲು ಬಿಟ್ಟರೆ ಕೊನೆಗೆ ನನ್ನದೇನೂ ತಪ್ಪಿಲ್ಲ ಎಂಬಲ್ಲಿಗೆ ತಂದು ನಿಲ್ಲಿಸುತ್ತೇನೆ. ವರ್ಷಗಟ್ಟಲೆ ಬೇರೆಯವರ ಅರ್ಜಿ ಬರೆದು ಪಳಗಿದ ಕೈ ಇದು.

ಅವಳು ಎಂದೇ ಬರೆಯುತ್ತೇನೆ. ವಯಸ್ಸಿನಲ್ಲಿ ಚಂದಮ್ಮ ನನಗಿಂತ ಹದಿನೈದು ವರ್ಷ ದೊಡ್ಡವಳು. ಆದರೆ ಆಗ ‘ಏ ಚಂದೀ’ ಎಂದು ಕೂಗುತ್ತಿದ್ದವನು ಈಗ ಕಾಗದದ ಮೇಲೆ ಬಹುವಚನ ಕೊಟ್ಟು ದೊಡ್ಡ ಮನುಷ್ಯನಾಗುವುದು ಬೇಡ. ಅಂಥ ಮರ್ಯಾದೆಗೆ ಖರ್ಚೇನೂ ಇಲ್ಲ.

ಹನ್ನೆರಡು ವರ್ಷದ ಹಿಂದೆ ಆಳಂದದಲ್ಲಿ ಒಂದು ರಂಗಿನ ಕಾರಖಾನಿ ಇತ್ತು. ನೂಲಿಗೆ ಬಣ್ಣ ಹಾಕುವ ಕೆಲಸ. ಸೊಲ್ಲಾಪುರದಿಂದ ಗಂಟುಗಂಟಾಗಿ ನೂಲು ಬರುತ್ತಿತ್ತು. ಕೆಂಪಾಗಿ, ಹಸಿರಾಗಿ, ಕಪ್ಪಾಗಿ ನೇಕಾರರ ಮನೆಗೆ ಹೋಗುತ್ತಿತ್ತು. ಬಣ್ಣ ಹಿಡಿಯಬೇಕಾದರೆ ಮೊದಲು ನೂಲನ್ನು ಕಾಸ್ಟಿಕ್ ಸೋಡಾ ಹಾಕಿ ಕುದಿಸಬೇಕು. ಆಮೇಲೆ ಬ್ಲೀಚಿಂಗ್ ಪುಡಿ ಕಲಸಿದ ತೊಟ್ಟಿಯಲ್ಲಿ ಅದ್ದಿ ಬೆಳ್ಳಗೆ ಮಾಡಬೇಕು. ಆಮೇಲೆ ತೇಜಾಬು ಬೆರೆಸಿದ ನೀರಿನಲ್ಲಿ ಜಾಲಿಸಬೇಕು — ಆಸಿಡ್ಡಿಗೆ ನಮ್ಮ ಕಡೆ ತೇಜಾಬು ಎನ್ನುತ್ತೇವೆ. ಈ ಮೂರೂ ಕೆಲಸ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ. ಅಲ್ಲಿ ಕಾಲಿಟ್ಟರೆ ಮೂಗು ಉರಿಯುತ್ತಿತ್ತು, ಕಣ್ಣಿಗೆ ಖಾರದ ಪುಡಿ ಎರಚಿದ ಹಾಗಾಗುತ್ತಿತ್ತು. ನಾನು ಹೋಗಬೇಕಾಗಿ ಬಂದರೆ ಮುಖಕ್ಕೆ ಹೆಗಲ ಮೇಲಿನ ವಲ್ಲಿ ಹಿಡಿದು ಹೋಗಿ, ಹೇಳುವುದನ್ನು ಹೇಳಿ, ಓಡಿ ಬರುತ್ತಿದ್ದೆ. ಚಂದಮ್ಮ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಿಲ್ಲುತ್ತಿದ್ದಳು. ನಾಲ್ಕು ವರ್ಷ.

ಆ ಕೆಲಸಕ್ಕೆ ಪಕ್ಕದ ಊರು ಮಟಕಿಯ ಕೇರಿಯ ಜನರೇ ಬರುತ್ತಿದ್ದರು — ನಾವು ಮುಟ್ಟಬಾರದು ಎಂದು ದೂರ ಇಟ್ಟ ಕೇರಿ. ನೂಲು ಹಸಿಯಿದ್ದಾಗ ಅವರು ಮುಟ್ಟಬಹುದು, ಒಣಗಿದ ಮೇಲೆ ನಾವು ಮುಟ್ಟಬಹುದು. ನಡುವೆ ಬಿಸಿಲು ಬಂದು ಮೈಲಿಗೆ ಕಳೆಯುತ್ತದೆ ಎಂದು ಕಾರಖಾನಿಯ ಸಾವುಕಾರರೇ ಒಂದು ಕಾಯ್ದೆ ಮಾಡಿದ್ದರು. ಸಾವುಕಾರ ಶಿವಲಿಂಗಪ್ಪನವರದೂ ಲಿಂಗ ಕಟ್ಟಿದ ಕೊರಳು, ನನ್ನದೂ ಲಿಂಗ ಕಟ್ಟಿದ ಕೊರಳು. ಕುಲ ಕೇಳಬೇಡಿ ಎಂದು ಕಲಿಸಿದವರ ಪಂಗಡದಲ್ಲಿ ಹುಟ್ಟಿದವರು ನಾವು. ಕುಲ ಕೇಳಲಿಲ್ಲ, ಸರಿ. ಬಿಸಿಲನ್ನು ನಡುವೆ ನಿಲ್ಲಿಸಿಕೊಂಡೆವು.

ನಾನು ಆ ಕಾರಖಾನಿಯ ಮುನಶಿ. ಸರಕಾರದ ಭಾಷೆ ಆಗ ಉರ್ದು, ಸಾವುಕಾರರಿಗೆ ಉರ್ದು ಬಾರದು. ಪತ್ರ ಬರೆಯುವುದು, ಬಂದ ಪತ್ರ ಓದಿ ಹೇಳುವುದು, ಸಾಹೇಬರು ಯಾರಾದರೂ ಬಂದರೆ ನಡುವೆ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸುವುದು ನನ್ನ ಕೆಲಸ. ನನಗೆ ಇಪ್ಪತ್ತಮೂರು ವರ್ಷ. ಆಳಂದದ ಬಜಾರಿನಲ್ಲಿ ಎಲ್ಲರ ಬಾಯಲ್ಲೂ ಒಂದಿಷ್ಟು ಉರ್ದು ಇತ್ತು, ಆದರೆ ಓದಿ ಬರೆದು ಕಲಿತವರು ಕಡಿಮೆ. ಆ ಸೊಕ್ಕು ನನ್ನ ನಡಿಗೆಯಲ್ಲೇ ಕಾಣುತ್ತಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಚಂದಮ್ಮನ ಕಣ್ಣು ಒಂದೇ ದಿನ ಹೋದದ್ದಲ್ಲ. ನಾನು ನೋಡುತ್ತಿದ್ದಂತೆಯೇ ಹೋದವು. ಮೊದಲ ವರ್ಷ ಸಂಜೆಗೆ ಕೆಂಪಾಗುತ್ತಿದ್ದವು, ರಾತ್ರಿ ಹರಳೆಣ್ಣೆ ಹಚ್ಚಿಕೊಂಡು ಮಲಗಿದರೆ ಬೆಳಿಗ್ಗೆ ತಿಳಿಯಾಗುತ್ತಿದ್ದವು. ಎರಡನೆಯ ವರ್ಷ ಬೆಳಿಗ್ಗೆಯೂ ತಿಳಿಯಾಗಲಿಲ್ಲ. ಬಿಸಿಲಿಗೆ ಬಂದರೆ ನೀರು ಸುರಿಯುತ್ತಿತ್ತು, ತಲೆಯ ಸೆರಗನ್ನು ಹುಬ್ಬಿನ ಕೆಳಗೆ ಎಳೆದುಕೊಂಡು ನಡೆಯುತ್ತಿದ್ದಳು. ಮೂರನೆಯ ವರ್ಷ ನೂಲಿನ ಲಡಿಯನ್ನು ಮೂಗಿನ ಹತ್ತಿರ ತಂದು ಬಿಳುಪು ನೋಡುತ್ತಿದ್ದಳು. ನಾಲ್ಕನೆಯ ವರ್ಷ ಎಡಗಣ್ಣಿಗೆ ಹೂ ಬಿತ್ತು. ಕರಿಗುಡ್ಡೆಯ ಮೇಲೆ ಬೆಳ್ಳನೆಯ ಚುಕ್ಕೆ ಬಿದ್ದರೆ ನಮ್ಮಲ್ಲಿ ಹೂ ಬಿತ್ತು ಎನ್ನುತ್ತಾರೆ. ಯಾರು ಇಟ್ಟ ಹೆಸರೋ — ಅಂಥದ್ದಕ್ಕೂ ಹೂ ಎನ್ನುವ ಜನ ನಾವು.

ಅವಳೊಬ್ಬಳೇ ಅಲ್ಲ. ತೊಟ್ಟಿಯ ಮುಂದೆ ನಿಲ್ಲುತ್ತಿದ್ದ ಆರು ಜನರಿಗೂ ಹೆಚ್ಚು ಕಡಿಮೆ ಇದೇ ಪಾಡು. ಊರವರು ಅದಕ್ಕೆ ‘ಕಣ್ಣು ಬಂದಾವ’ ಎನ್ನುತ್ತಿದ್ದರು. ಈ ಮಾತನ್ನು ಸ್ವಲ್ಪ ನೆನಪಿಡಬೇಕು. ಕಣ್ಣು ಕೆಂಪಾಗಿ ಪಿಸುರು ಕಟ್ಟಿ, ಒಬ್ಬರಿಂದ ಒಬ್ಬರಿಗೆ ಅಂಟಿ, ಎಂಟು ಹತ್ತು ದಿನದಲ್ಲಿ ತಾನಾಗಿ ಇಳಿಯುವ ಬೇನೆ ಇದೆಯಲ್ಲ, ಅದಕ್ಕೆ ಹಾಗೆನ್ನುವುದು. ಉರ್ದುವಿನಲ್ಲೂ ಅದೇ ಮಾತು, ಪದಕ್ಕೆ ಪದ — ಆಂಖಾಂ ಆಯೇ. ಕಣ್ಣು ಬಂದವು. ತರ್ಜುಮೆ ಮಾಡುವವನಿಗೆ ಇದಕ್ಕಿಂತ ಸುಲಭದ ಮಾತು ಇನ್ನೊಂದಿಲ್ಲ.

ಗುಲಬರ್ಗಾದಿಂದ ಒಬ್ಬ ಡಾಕ್ಟರು ಆಳಂದಕ್ಕೆ ಬಂದು ಎರಡು ದಿನ ಇದ್ದರು. ಔಷಧಕ್ಕೆಂದು ಬಂದವರಲ್ಲಿ ನಮ್ಮ ಆರು ಜನರೂ ಇದ್ದರು. ಎಲ್ಲರಿಗೂ ಒಂದೇ ಬಗೆಯ ಕಣ್ಣು, ಎಲ್ಲರೂ ಒಂದೇ ಕಾರಖಾನಿಯವರು — ಅದು ಆ ಮನುಷ್ಯನಿಗೆ ಹೊಳೆಯಿತು. ಮರುದಿನ ತಾವೇ ಬಂದು ಕೆಲಸದ ಜಾಗ ನೋಡುತ್ತೇನೆಂದು ಹೇಳಿ ಕಳಿಸಿದರು. ಅವರ ಮೇಲೆ ನಾನು ಏನನ್ನೂ ಹೊರಿಸಲಾರೆ. ಕೇಳಬೇಕಾದ್ದನ್ನೇ ಕೇಳಿದರು. ಉತ್ತರ ಕೊಟ್ಟವನು ನಾನು.

ಬೆಳಿಗ್ಗೆ ಸಾವುಕಾರರು ನನ್ನನ್ನು ಕರೆದರು. ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ರೇವಣ್ಣಾ, ಸಾಹೇಬ್ರು ಕೇಳಿದ್ದಕ್ಕಷ್ಟೇ ಹೇಳು. ಹೆಚ್ಚಿಗಿ ಬಾಯಿ ಬಿಡಬ್ಯಾಡ. ಸರಕಾರಿ ನೌಕರಿಗಿ ಅರ್ಜಿ ಹಾಕೀದಿ ಅಂತ ಕೇಳೇನಿ. ಮನಷ್ಯಾ ಛಲೋ ಇದ್ದಾನ ಅಂತ ನಾನೇ ಬರ್ದು ಕೊಡ್ಬೇಕಲ್ಲ.”

“ಹೌದ್ರಿ,” ಎಂದೆ.

ಅಷ್ಟೇ. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಈಗ ಅವರ ಹೆಸರಿನ ಹಿಂದೆ ಅಡಗಿಕೊಳ್ಳಬಹುದಿತ್ತು.

ಡಾಕ್ಟರು ಬಂದರು. ತೊಟ್ಟಿ ನೋಡಿದರು, ಕರವಸ್ತ್ರದಲ್ಲಿ ಕೆಮ್ಮಿದರು, ಆರು ಜನರನ್ನು ಬೆಳಕಿಗೆ ಕರೆದರು. ಎಲ್ಲರಿಗಿಂತ ಮುಂದೆ ಚಂದಮ್ಮ. ಅವಳ ರೆಪ್ಪೆಯನ್ನು ತಮ್ಮ ಬೆರಳಿನಿಂದಲೇ ಎತ್ತಿದರು. ಅವಳು ಬೆಚ್ಚಿ ಹಿಂದೆ ಸರಿದಳು — ನೋವಿಗಲ್ಲ, ಪರರು ಮುಟ್ಟಿ ಗೊತ್ತಿಲ್ಲದ್ದಕ್ಕೆ. ನಾನು ಎರಡು ಮಾರು ದೂರ ನಿಂತಿದ್ದೆ. ನಾಲ್ಕು ವರ್ಷ ಅವಳನ್ನು ದಿನಾ ನೋಡಿದವನು, ಆ ಕಣ್ಣಿನೊಳಗೆ ಏನಾಗಿದೆ ಎಂದು ಹತ್ತಿರದಿಂದ ಒಮ್ಮೆಯೂ ನೋಡಿರಲಿಲ್ಲ.

ಏನು ತೊಂದರೆ, ಎಂದಿನಿಂದ, ಕೇಳಿ ಹೇಳು ಎಂದರು ಡಾಕ್ಟರು. ನಾನು ಕೇಳಿದೆ. “ಸಾಹೇಬ್ರು ಕೇಳಾಕತ್ತಾರ, ಏನು ತ್ರಾಸ ಅದ, ಎಂದಿನಿಂದ ಅದ ಅಂತ. ಲಗೂ ಹೇಳಬೇ.”

ಚಂದಮ್ಮ ನನ್ನ ಕಡೆ ತಿರುಗಿದಳು. ಉತ್ತರವನ್ನು ಮನೆಯಿಂದಲೇ ಜೋಡಿಸಿಕೊಂಡು ಬಂದಿದ್ದಳೆಂದು ಕಾಣುತ್ತದೆ. “ಕಣ್ಣು ಬಂದಾವ ಅಂತ ಮಂದಿ ಅಂತಾರ್ರಿ ಯಪ್ಪಾ. ಬಂದಿಲ್ರಿ, ಹೊಂಟಾವ. ಈ ತೊಟ್ಟಿ ಹಬಿ ತಿಂದು ತಿಂದು ಹೊಂಟಾವ.”

ಎಂಥ ಮಾತು. ಓದಿದವರು ವಾರ ಕೂತರೂ ಇಷ್ಟು ನೆಟ್ಟಗೆ ಬರೆಯಲಾರರು. ಬೇನೆ, ಬೇನೆಯ ಕಾರಣ, ಊರವರ ತಪ್ಪು ತಿಳಿವಳಿಕೆ — ಎಲ್ಲ ಅದರಲ್ಲಿತ್ತು. ದಾಟಿಸುವುದಷ್ಟೇ ನನ್ನ ಪಾಲಿಗಿತ್ತು.

“ಆಂಖಾಂ ಆಯೇ ಬೋಲ್ತೀ, ಸಾಬ್,” ಎಂದೆ.

ಕಣ್ಣು ಬಂದಿವೆ ಅನ್ನುತ್ತಾಳೆ. ಅಲ್ಲಿಗೆ ನಿಲ್ಲಿಸಿದೆ. ಎಷ್ಟು ಜಾಣತನ ನೋಡಿ — ಸುಳ್ಳು ಎಲ್ಲಿದೆ ತೋರಿಸಿ ಎಂದರೆ ತೋರಿಸಲು ಬಾರದು. ಆ ಮಾತು ಅವಳ ಬಾಯಿಂದ ಬಂದದ್ದೇ. ಮಂದಿ ಅಂತಾರೆ ಎಂಬುದನ್ನು ಬಿಟ್ಟೆ, ಬಂದಿಲ್ಲ ಎಂಬುದನ್ನು ಬಿಟ್ಟೆ, ಹಬೆಯನ್ನು ಬಿಟ್ಟೆ. ಡಾಕ್ಟರು ಹುಬ್ಬು ಗಂಟಿಕ್ಕಿದರು. ಎಲ್ಲರಿಗೂ ಒಬ್ಬರಿಂದ ಒಬ್ಬರಿಗೆ ಅಂಟಿತೇ ಎಂದು ಕೇಳಿದರು. ಅದನ್ನು ಚಂದಮ್ಮನಿಗೆ ಕೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ ನಾನು. “ಹಾಂ ಸಾಬ್,” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆಗ ಅವಳಿಗೆ ಬಲಗಣ್ಣು ಇನ್ನೂ ಕಾಣುತ್ತಿತ್ತು.

ಡಾಕ್ಟರು ಬರೆದರು. ಕೆಲಸದವರಲ್ಲಿ ಅಂಟುವ ಕಣ್ಣುಬೇನೆ ಹಬ್ಬಿದೆ. ಬೇನೆ ಬಂದವರನ್ನು ಮನೆಗೆ ಕಳಿಸಿ ಬೇರೆ ಇಡಬೇಕು, ಅವರ ಬಟ್ಟೆ ಬೇರೆ, ಪಾತ್ರೆ ಬೇರೆ, ಮಕ್ಕಳನ್ನು ಹತ್ತಿರ ಬಿಡಬಾರದು. ಹಾಕಿಕೊಳ್ಳಲು ಹನಿ ಔಷಧ ಕೊಟ್ಟರು. ಆ ಕಾಗದವನ್ನು ಮಟಕಿಯ ಕೇರಿಯಲ್ಲಿ ಓದಿ ಹೇಳಲು ಸಾವುಕಾರರು ಕಳಿಸಿದ್ದು ಯಾರನ್ನು ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿ ಮಾತ್ರ ಪೂರ್ತಿ ತರ್ಜುಮೆ ಮಾಡಿದೆ, ಒಂದು ಅಕ್ಷರ ಬಿಡದೆ.

ಆರು ಜನರನ್ನು ಮತ್ತೆ ಕರೆಯಲಿಲ್ಲ. ತೊಟ್ಟಿ ಇದ್ದ ಹಾಗೇ ಇತ್ತು. ಹೊಸ ಕೈಗಳು ಬೇಕಾದವು. ಆಳಂದದ ಸುತ್ತ ಸುದ್ದಿ ಹಬ್ಬಿದ್ದರಿಂದ ದೂರದಿಂದ ತರಬೇಕಿತ್ತು. ಜೇವರ್ಗಿ ದಾಟಿ ಯಡ್ರಾಮಿಯವರೆಗೆ ನಾನೇ ಹೋದೆ. ಅಲ್ಲಿ ಒಬ್ಬ ನಡುವಯಸ್ಸಿನವನು ಕೇಳಿದ: “ಕಣ್ಣಿಗಿ ಏನರ ಆಗ್ತದಂತಲ್ರಿ ಅಲ್ಲಿ?” ನಾನು ಹೇಳಿದೆ: “ಆಗಿತ್ತು, ಅಂಟುಬ್ಯಾನಿ. ಆ ಮಂದಿನ್ನ ಕಳಿಸೀವಿ. ಈಗೇನಿಲ್ಲ, ಬರ್ರಿ.” ಅವನೂ ಬಂದ, ಇನ್ನು ಏಳು ಜನರೂ ಬಂದರು. ಅವರ ಕಣ್ಣು ಏನಾದವೋ — ನಾನು ಆಮೇಲೆ ಅಲ್ಲಿ ಇರಲಿಲ್ಲ. ಕೇಳಿ ತಿಳಿಯಬಹುದಿತ್ತು. ಕೇಳಲಿಲ್ಲ.

ನನಗೆ ಅಫಜಲಪುರದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಸಾವುಕಾರರು ಮನುಷ್ಯ ಒಳ್ಳೆಯವನೆಂದು ಬರೆದುಕೊಟ್ಟಿದ್ದರು.

ಚಂದಮ್ಮನ ಮಗಳನ್ನು ಅಫಜಲಪುರದ ಕಡೆಗೇ ಕೊಟ್ಟಿತ್ತು. ನಾನು ಅಲ್ಲಿಗೆ ಹೋದ ವರ್ಷ ಅವಳ ಗಂಡ ಏನೋ ಒಂದು ಅರ್ಜಿ ಬರೆಸಲು ಬಂದ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ, ಊರ ಹೆಸರು ಬಂತು, ಮಾತು ಬೆಳೆಯಿತು. ಮಗಳು ಚೊಚ್ಚಲ ಬಸುರಿ, ತವರಿಗೆ ಹೋಗಿ ಹಡೆಯಬೇಕಿತ್ತು. ತನ್ನ ಅತ್ತೆಗೆ, ಎಂದರೆ ಚಂದಮ್ಮನಿಗೆ, ಅಂಟುರೋಗ ಎಂದು ಸರಕಾರದ ಡಾಕ್ಟರೇ ಬರೆದುಕೊಟ್ಟಿದ್ದಾರೆ, ಹೇಗೆ ಕಳಿಸುವುದು. ಇಲ್ಲೇ ಹಡೆದಳು. ಅಜ್ಜಿ ಎರಡು ಸಲ ನಡೆದುಕೊಂಡು ಬಂದಳಂತೆ, ಹೊಲದ ಬದುವಿನ ಮೇಲೆ ನಿಂತು, ಅಲ್ಲಿಂದಲೇ ಎತ್ತಿ ತೋರಿಸಿರಿ ಎಂದಳಂತೆ. ಎತ್ತಿ ತೋರಿಸಿದರು. ಅಷ್ಟು ದೂರ ಅವಳಿಗೆ ಎಲ್ಲಿ ಕಾಣಬೇಕು? ಕೂಸಿಗೆ ವರ್ಷ ತುಂಬಿ, ಹೆದರಿಕೆ ಹೋಗಿ, ಇವರೇ ಮಟಕಿಗೆ ಕರೆದೊಯ್ದಾಗ ಬಲಗಣ್ಣಿಗೂ ಹೂ ಮುಚ್ಚಿತ್ತು. ಮುಖವನ್ನು ಬೆರಳಿನಿಂದ ನೋಡಿದಳಂತೆ. “ಮೂಗು ನಮ್ಮವ್ವನಂಗ ಅದ ಅಂದ್ಳರಿ,” ಎಂದು ಅಳಿಯ ನಕ್ಕ. ನಾನೂ ನಕ್ಕೆ. ಅವನ ಅರ್ಜಿಯನ್ನು ಬಹಳ ಚೆನ್ನಾಗಿ ಬರೆದುಕೊಟ್ಟೆ.

ಇಲ್ಲಿಯವರೆಗೆ ಬರೆದು ಎರಡು ದಿನ ಸುಮ್ಮನೆ ಬಿಟ್ಟಿದ್ದೆ. ಓದಿ ನೋಡಿದರೆ — ಕೆಟ್ಟವನೇ, ಆದರೆ ನೌಕರಿಯ ಆಸೆಗೆ ಬಿದ್ದ ಬಡ ಹುಡುಗ, ಸಾವುಕಾರರ ಹಿಡಿತದಲ್ಲಿದ್ದವನು ಎಂಬ ಹಾಗೆ ಕಾಣುತ್ತದೆ. ಓದುವವರು ಅಯ್ಯೋ ಪಾಪ ಎಂದರೂ ಎಂದಾರು. ನೋಡಿ, ಇಲ್ಲೂ ಅರ್ಧಕ್ಕೇ ನಿಲ್ಲಿಸಿದ್ದೇನೆ.

ಡಾಕ್ಟರು ಅಂದು ಇನ್ನೊಂದು ಪ್ರಶ್ನೆ ಕೇಳಿದ್ದರು. ಮೇಲೆ ಅದನ್ನು ಬರೆದಿಲ್ಲ.

ಸೋಡಾದ ನೀರು ಕಣ್ಣಿಗೆ ಸಿಡಿದರೆ ಕೂಡಲೇ ತಣ್ಣೀರು ಹೊಯ್ಯಬೇಕು. ಕೂಡಲೇ ಎಂದರೆ ಎಣಿಸುವಷ್ಟೂ ತಡ ಮಾಡದೆ. ಸೊಲ್ಲಾಪುರದಿಂದ ಸೋಡಾ ತರುತ್ತಿದ್ದ ಏಜೆಂಟ ಮೊದಲ ದಿನವೇ ನಮಗೆ ಹೇಳಿಹೋಗಿದ್ದ. ಬಾವಿ ಅಂಗಳದಲ್ಲೇ ಇತ್ತು. ಆದರೆ ಆ ಬಾವಿಯನ್ನು ತೊಟ್ಟಿಯವರು ಮುಟ್ಟುವ ಹಾಗಿರಲಿಲ್ಲ. ಹಗ್ಗ ಮುಟ್ಟುವ ಹಾಗಿಲ್ಲ, ಕೊಡ ಮುಟ್ಟುವ ಹಾಗಿಲ್ಲ. ಎತ್ತಿಗೆಂದು ತುಂಬಿಸಿಟ್ಟ ಕಲ್ಲಿನ ಡೋಣಿ ಪಕ್ಕದಲ್ಲೇ ಇತ್ತು. ಅವರು ಅದರಲ್ಲಿ ಕೈ ಅದ್ದಿದರೆ ಎತ್ತು ಆ ನೀರು ಕುಡಿಯುವುದಿಲ್ಲ ಎಂದು ನಾವು ಹೇಳುತ್ತಿದ್ದೆವು. ಎತ್ತು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ಯಾರ ಕಣ್ಣಿಗಾದರೂ ಸಿಡಿದರೆ ಅವರು ಅಂಗಳಕ್ಕೆ ಓಡಿ ಬಂದು ಬಾವಿಯ ಕಟ್ಟೆಯಿಂದ ದೂರ ಕೂತು, ಮುಖ ಮೇಲೆತ್ತಿ ಕಾಯಬೇಕು. ನಮ್ಮವರಲ್ಲಿ ಯಾರಾದರೂ ಎದ್ದು, ನೀರು ಸೇದಿ, ಮೈಗೆ ಮೈ ತಾಕದ ಹಾಗೆ ಎತ್ತರದಿಂದ ಧಾರೆ ಬಿಡಬೇಕು. ಹಾಗೆ ಹೊಯ್ಯುವ ಕೆಲಸವನ್ನು ಸಾವುಕಾರರು ಒಬ್ಬನಿಗೆ ವಹಿಸಿದ್ದರು. ಬಾವಿಯಿಂದ ಹತ್ತು ಹೆಜ್ಜೆಯಲ್ಲಿ ಮೇಜು ಹಾಕಿಕೊಂಡು ಕೂತವನಿಗೆ.

ನನಗೆ.

ನಾಲ್ಕು ವರ್ಷದಲ್ಲಿ ಎಷ್ಟು ಸಲ ಕರೆದಿದ್ದಾರೋ ಲೆಕ್ಕವಿಲ್ಲ. ಎಷ್ಟು ಸಲ ಕೂಡಲೇ ಎದ್ದೆನೋ — ಅದರ ಲೆಕ್ಕ ಇಡಬಹುದು, ಅಷ್ಟು ಕಡಿಮೆ. ಸ್ನಾನ ಮಾಡಿ ಮಡಿ ಧೋತರ ಉಟ್ಟು ಬಂದಿರುತ್ತಿದ್ದೆ; ಹನಿ ಸಿಡಿದರೆ ಮನೆಗೆ ಹೋಗಿ ಮತ್ತೆ ಮೀಯಬೇಕು, ಬೇಸರ. ಹಿಡಿದ ಸಾಲು ಮುಗಿಯಲಿ ಎನ್ನುತ್ತಿದ್ದೆ. ಒಂದು ದಿನದ್ದು ಚೆನ್ನಾಗಿ ನೆನಪಿದೆ. ನನ್ನ ನೌಕರಿಯ ಅರ್ಜಿಯನ್ನು ಬರೆಯುತ್ತಿದ್ದೆ. ಲೇಖಣಿಗೆ ಹೊಸ ಟಾಕು, ಒಳ್ಳೆಯ ಕಾಗದ, ಅಕ್ಷರ ಮುತ್ತಿನ ಹಾಗೆ ಬೀಳುತ್ತಿತ್ತು. “ನೀರ್ರಿ ಯಪ್ಪಾ, ನೀರ್ರಿ,” ಎಂದು ಚಂದಮ್ಮ ಅಂಗಳಕ್ಕೆ ಬಂದು ಕುಸಿದು ಕೂತಳು, ಎರಡೂ ಕೈ ಎಡಗಣ್ಣಿನ ಮೇಲೆ. “ತಡಿಬೇ, ಬಂದೆ,” ಎಂದೆ. ಸಾಲು ಮುಗಿಸಿ ಎದ್ದೆ — ಅಲ್ಲ. ಸಾಲು ಮುಗಿಸಿದೆ, ಇನ್ನೊಂದು ಸಾಲು ಬರೆದೆ. ಅದೂ ಅಲ್ಲ. ಪುಟ ಮುಗಿಸಿದೆ, ಮಸಿ ಹರಡಬಾರದೆಂದು ಮರಳು ಉದುರಿಸಿದೆ, ಕಾಗದವನ್ನು ಬೆಳಕಿಗೆ ಹಿಡಿದು ಒಮ್ಮೆ ಓದಿಕೊಂಡೆ, ಕೆಳಗಿಟ್ಟು ಮೇಲೆ ಭಾರ ಇಟ್ಟೆ. ಆಮೇಲೆ ಎದ್ದೆ. ನಾನು ಮೇಲೆ ಬರೆದ ಎಡಗಣ್ಣಿನ ಹೂ ಬಿದ್ದದ್ದು ಆ ದಿನದ ನಂತರ.

ಡಾಕ್ಟರು ಕೇಳಿದ್ದು ಇದನ್ನೇ. ಕಣ್ಣಿಗೆ ಬಿದ್ದಾಗ ಕೂಡಲೇ ತೊಳೆಯುತ್ತಾರೋ ಇಲ್ಲವೋ, ಕೇಳು ಎಂದರು. ನಾನು ಕೇಳಿದೆ. ಚಂದಮ್ಮ ಹೇಳಿದಳು: “ಬಾವಿ ಮುಟ್ಟೋ ಹಂಗಿಲ್ರಿ. ಮುನಶಿಯವ್ರು ಬಂದು ಹೊಯ್ಯೋತನಕ ಕುಂಡ್ರಬೇಕ್ರಿ.” ತಕರಾರಿನ ದನಿಯಲ್ಲ, ಇದ್ದದ್ದನ್ನು ಹೇಳಿದಳು.

“ಧೋತೇ ಬೋಲ್ತೀ, ಸಾಬ್,” ಎಂದೆ. ತೊಳೆಯುತ್ತೇವೆ ಅನ್ನುತ್ತಾಳೆ.

ಇಲ್ಲಿ ಅರ್ಧ ಮಾತಿನ ಜಾಣತನವೂ ಇಲ್ಲ, ನೇರ ಸುಳ್ಳು. ಸಾವುಕಾರರನ್ನು ಉಳಿಸಲಿಕ್ಕಲ್ಲ, ನೌಕರಿಗಲ್ಲ. ಬಾವಿಯ ಮಾತು ಹೇಳಿದ್ದರೆ ಡಾಕ್ಟರು ಮುಂದೆ ಏನು ಕೇಳುತ್ತಿದ್ದರು? ಹೊಯ್ಯುವವನು ಯಾರು, ತಡ ಯಾಕೆ ಮಾಡುತ್ತಾನೆ ಎಂದು ಕೇಳುತ್ತಿದ್ದರು. ಅದನ್ನೂ ನಾನೇ ತರ್ಜುಮೆ ಮಾಡಬೇಕಿತ್ತು.

ಇದನ್ನು ಬರೆಯಬೇಕಾದ ಪ್ರಸಂಗ ಬಂದದ್ದು ಹೋದ ತಿಂಗಳು. ಸರಕಾರ ಬದಲಾಗಿದೆ. ಕಚೇರಿಗಳಲ್ಲಿ ಕನ್ನಡದ ಕಾಗದ ಬರಲು ಶುರುವಾಗಿದೆ, ನಡುವೆ ನಿಲ್ಲುವವನು ಬೇಕಿಲ್ಲ. ನನಗೂ ಮತ್ತೆ ಆಳಂದಕ್ಕೆ ವರ್ಗವಾಗಿದೆ. ಮನೆ ಮನೆಯ ಪಟ್ಟಿ ಬರೆಯಲು ಮಟಕಿಗೆ ಹೋಗಬೇಕಾಯಿತು. ಕೇರಿಯಲ್ಲಿ ಒಂದು ಮನೆಯ ಮುಂದೆ ಒಬ್ಬ ಮುದುಕಿ ಮೊರದಲ್ಲಿ ತೊಗರಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು, ಬೆರಳಿನಿಂದ. ಮುಖ ಎಲ್ಲೋ ಬೇರೆ ಕಡೆ ತಿರುಗಿತ್ತು. ನಾನು ಗುರುತಿಸಲಿಲ್ಲ, ಅಥವಾ ಗುರುತಿಸಿಯೂ — ಹೇಗಾದರೂ ಇರಲಿ, ಹೆಸರು ಕೇಳಿದೆ.

ಬೆರಳು ನಿಂತವು. “ಮುನಶಿಯವ್ರ ದನಿ ಇದ್ದಂಗದ.”

“ಹೌದು ಚಂದಮ್ಮ. ನಾನೇ.”

“ಕುಂಡ್ರಿ,” ಎಂದಳು. ಕೂತೆ. ಸ್ವಲ್ಪ ಹೊತ್ತು ತೊಗರಿಯ ಮೇಲೆ ಕೈ ಆಡಿಸಿದಳು. “ಒಂದು ಮಾತು ಕೇಳ್ಬೇಕಂತ ಭಾಳ ವರ್ಷದಿಂದ ಇಟ್ಕೊಂಡೀನ್ರಿ. ಕೇಳ್ಲೇನು?”

“ಕೇಳವಾ.”

“ಅವತ್ತು ಸಾಹೇಬ್ರ ಮುಂದ ನಾ ಹೇಳಿದ್ದ್ರಾಗ ಅರ್ಧ ಹೇಳಿ ನಿಂತ್ರಿ. ಆಳಂದ ಬಜಾರದಾಗ ಹುಲ್ಲು ಮಾರಿದಾಕಿರಿ ನಾನು, ಪೂರಾ ಅಲ್ಲ, ಅಷ್ಟಿಷ್ಟು ಉರ್ದು ನನಗೂ ತಿಳೀತದ. ಹಬಿ ಮಾತು ಹೇಳ್ಲಿಲ್ಲ, ಬಾವಿ ಮಾತು ಹೇಳ್ಲಿಲ್ಲ. ಈಗ ಹೇಳ್ತಾರ, ಇನ್ನ ಹೇಳ್ತಾರ ಅಂತ ನಿಮ್ಮ ಬಾಯಿ ನೋಡ್ಕೋತ ನಿಂತಿದ್ದೆ. ನಡುವ ನಾ ಬಾಯಿ ಹಾಕಿದ್ರ ಸಾಹೇಬ್ರ ಮುಂದ ನಿಮ್ಮ ಮಾನ ಹೋಗ್ತದಂತ ಸುಮ್ಕಾದೆ.” ಒಂದು ಕಲ್ಲು ಆರಿಸಿ ಎಸೆದಳು. “ಬೇಕಂತ ಬಿಟ್ರೇನ್ರಿ, ಮರ್ತ್ರೇನು?”

ಹನ್ನೆರಡು ವರ್ಷದ ಮೇಲೆ ನನಗೆ ಸಿಕ್ಕ ಅವಕಾಶ. ಯಾರೂ ಇರಲಿಲ್ಲ ಅಲ್ಲಿ. ನೌಕರಿ ಹೋಗುವ ಭಯವಿಲ್ಲ, ಸಾವುಕಾರರು ಸತ್ತು ಆರು ವರ್ಷ, ಕಾರಖಾನಿ ಮುಚ್ಚಿದೆ. ಎದುರಿಗೆ ಕೂತವಳಿಗೆ ನನ್ನ ಮುಖ ಸಹ ಕಾಣುವುದಿಲ್ಲ. ಇದಕ್ಕಿಂತ ಸಲೀಸು ಯಾರಿಗೆ ಸಿಗುತ್ತದೆ?

“ಮರ್ತೆವಾ,” ಎಂದೆ. “ಸಾಹೇಬ್ರ ಮುಂದ ತಲಿ ಓಡಲಿಲ್ಲ.”

ಅವಳು ಮೊರವನ್ನು ಪಕ್ಕಕ್ಕಿಟ್ಟು, ನಾನು ಕೂತ ದಿಕ್ಕನ್ನು ಅಂದಾಜು ಮಾಡಿ ತಿರುಗಿ, ಎರಡೂ ಕೈ ಜೋಡಿಸಿದಳು. “ಮರ್ತಿದ್ರೇನ್ರಿ. ನೋಡ್ರಿ, ನಾನು ಬ್ಯಾರೇನೇ ತಿಳ್ಕೊಂಡು ನಿಮಗ ಶಾಪ ಹಾಕ್ಕೋತ ಕುಂತಿದ್ದೆ. ದಿನಾ ಹಾಕೇನಿ, ಸುಳ್ಳ್ಯಾಕ ಹೇಳ್ಲಿ. ತಪ್ಪಾತ್ರಿ ಯಪ್ಪಾ. ಹೊಟ್ಯಾಗ ಹಾಕ್ಕೋರಿ.”

ನಾನು ಏನು ಹೇಳಿದೆ ಎಂಬುದನ್ನು ಬರೆಯದೆ ಇರಲು ನಾಲ್ಕು ಸಲ ಈ ಪುಟ ಹರಿದು ಹಾಕಿದ್ದೇನೆ. “ಇರ್ಲಿ ಬಿಡವಾ,” ಎಂದೆ. ಕ್ಷಮಿಸಿಬಿಟ್ಟೆ ಅವಳನ್ನು. ಅವಳ ಮನೆಯ ಹೆಸರುಗಳನ್ನು ಪಟ್ಟಿಯಲ್ಲಿ ಬರೆದುಕೊಂಡೆ, ಹೆಬ್ಬೆಟ್ಟು ಒತ್ತಿಸಿಕೊಂಡೆ, ಎದ್ದೆ. ನೀರು ಕುಡಿದು ಹೋಗ್ರಿ ಎಂದಳು, ಆಮೇಲೆ ತಾನೇ ನೆನಪಾಗಿ, “ನಮ್ಮನ್ಯಾಗ ಕುಡಿಯಂಗಿಲ್ಲಲ್ರಿ ನೀವು,” ಎಂದಳು. ನೀರು ಕುಡಿಯದೆಯೇ ಪಟ್ಟಿ ಮಡಚಿಕೊಂಡು ಬಂದೆ.

ಹನ್ನೆರಡು ವರ್ಷ ಅವಳಿಗೆ ಒಂದು ವಿಷಯವಾದರೂ ಸರಿಯಾಗಿ ಗೊತ್ತಿತ್ತು. ತನ್ನ ಕಣ್ಣು ಯಾರು ಕಳೆದರು, ಮೊಮ್ಮಗನ ಮುಖ ಯಾಕೆ ಕಾಣಲಿಲ್ಲ, ಯಾರನ್ನು ಶಪಿಸಬೇಕು ಎಂಬುದು ಗೊತ್ತಿತ್ತು. ಕತ್ತಲೆಯಲ್ಲಿ ಕೂತವಳಿಗೆ ಅದೊಂದು ಸತ್ಯ ಇತ್ತು, ಸಿಟ್ಟು ಇತ್ತು. ಹೋದ ತಿಂಗಳು ಹೋಗಿ ಅದನ್ನೂ ಕಿತ್ತುಕೊಂಡು ಬಂದಿದ್ದೇನೆ. ಈಗ ಅವಳು ನಿರಪರಾಧಿಯನ್ನು ಶಪಿಸಿದೆನೆಂದು ಕೊರಗುತ್ತ ಕೂತಿದ್ದಾಳೆ — ನನ್ನ ಸಲುವಾಗಿ.

ನಾಡಿದ್ದು ಸೋಮವಾರ ಮಟಕಿಗೆ ಹೋಗುತ್ತೇನೆ. ಅವಳ ಮಗಳು ಅಳಿಯ ಅಲ್ಲಿಗೆ ಬಂದಿದ್ದಾರೆಂದು ವಿಚಾರಿಸಿಕೊಂಡಿದ್ದೇನೆ. ಕೇರಿಯವರೆಲ್ಲ ಕೇಳುವ ಹಾಗೆ ಹೇಳುತ್ತೇನೆ, ಕನ್ನಡದಲ್ಲಿ, ಪೂರ್ತಿ. ಮರೆತಿರಲಿಲ್ಲ ಎಂದು ಹೇಳುತ್ತೇನೆ. ಅವರು ಹೊಡೆದಾರು; ಹೊಡೆಯದೆಯೂ ಇರಬಹುದು, ಅದು ಹೊಡೆಸಿಕೊಳ್ಳುವುದಕ್ಕಿಂತ ಕಷ್ಟ. ಚಂದಮ್ಮನ ಬಾಯಿಂದ ‘ಇರ್ಲಿ ಬಿಡ್ರಿ’ ಎಂಬ ಮಾತು ಬರಬಾರದು — ನನಗೆ ಇರುವ ಆಸೆ ಅದೊಂದೇ. ಕಣ್ಣು ಕೊಡುವುದು ನನ್ನ ಕೈಯಲ್ಲಿಲ್ಲ. ಸಿಟ್ಟನ್ನಾದರೂ ಅವಳಿಗೆ ತಿರುಗಿ ಕೊಟ್ಟು ಬರುತ್ತೇನೆ.